ಅಮಾವಾಸ್ಯೆಯ ಗಣನೆ ಮತ್ತು ಬಾದಾಮಿ ಚಾಲುಕ್ಯರ ಎರಡು ಶಾಸನಗಳ ಕಾಲ

ಶಾಸನಗಳಲ್ಲಿ ಬರುವ ಮಾಸ, ಪಕ್ಷ, ತಿಥಿ, ಗ್ರಹಣಗಳ ಉಲ್ಲೇಖಗಳು ನಮ್ಮ ಇತಿಹಾಸದ ಕಾಲಗಣನೆಗೆ ಮುಖ್ಯ ಆಧಾರವೆಂಬುದು ಸರ್ವವಿದಿತವಾದ ಸಂಗತಿ. ಆದರೆ ಆ ಉಲ್ಲೇಖವು ಇಂಗ್ಲಿಷ್ ತಾರೀಖಾಗಿ ಪರಿವರ್ತಿತವಾಗಿ ಪಠ್ಯಪುಸ್ತಕವನ್ನು ಸೇರಿದ ಮೇಲೆ, ಅದು ಯಾವ ಗಣನೆಯಿಂದ ಬಂದಿತು, ಅದರಲ್ಲಿ ಎಷ್ಟು ಭಾಗ ನಿಶ್ಚಿತ, ಎಷ್ಟು ಭಾಗ ಊಹೆ ಎಂಬುದನ್ನು ವಿಚಾರಿಸುವವರು ವಿರಳ. ಇಮ್ಮಡಿ ಪುಲಿಕೇಶಿಯು ಪಟ್ಟಕ್ಕೆ ಬಂದುದು ಕ್ರಿ. ಶ. 609–10ರಲ್ಲಿ ಎಂದು ಕೆಲವು ಗ್ರಂಥಗಳೂ 610–11ರಲ್ಲಿ ಎಂದು ಮತ್ತೆ ಕೆಲವು ಗ್ರಂಥಗಳೂ ಹೇಳುತ್ತವೆ. ವಿದ್ಯಾರ್ಥಿಯು ಇದನ್ನು ಗ್ರಂಥಕರ್ತರ ಅಜಾಗರೂಕತೆಯೆಂದು ಭಾವಿಸಬಹುದು. ವಾಸ್ತವವಾಗಿ ಈ ಭೇದಕ್ಕೆ ಕಾರಣ ಒಂದು ಅಮಾವಾಸ್ಯೆ. ಪ್ರಕೃತ ಲೇಖನದಲ್ಲಿ ನಾವು ಅಮಾವಾಸ್ಯೆಯ ಗಣನೆಯ ಕ್ರಮವನ್ನು ಸಂಕ್ಷೇಪವಾಗಿ ವಿವರಿಸಿ, ಅದನ್ನು ಬಾದಾಮಿಯ ಚಾಲುಕ್ಯರ ಎರಡು ಶಾಸನಗಳಿಗೆ ಅನ್ವಯಿಸಿ, ದೊರೆಯುವ ಫಲಿತಾಂಶಗಳನ್ನು ಓದುಗರ ಮುಂದಿಡುತ್ತೇವೆ.

1. ಮಧ್ಯಮ ಮಾಸ

ಸೂರ್ಯ ಮತ್ತು ಚಂದ್ರರ ಭೋಗಗಳು ಸಮನಾಗುವ ಕ್ಷಣವೇ ಅಮಾವಾಸ್ಯೆಯ ಅಂತ್ಯ. ಒಂದು ಅಮಾಂತದಿಂದ ಇನ್ನೊಂದು ಅಮಾಂತದವರೆಗಿನ ಸರಾಸರಿ ಕಾಲವು ಚಾಂದ್ರಮಾಸ. ವೇದಾಂಗ ಜ್ಯೋತಿಷದ ಯುಗವು ಐದು ವರ್ಷಗಳದು. ಅದರಲ್ಲಿ 1830 ದಿನಗಳು, 62 ಚಾಂದ್ರಮಾಸಗಳು. ಹೀಗೆ ಮಾಸವೊಂದಕ್ಕೆ 29.516 ದಿನಗಳಾಗುತ್ತವೆ. ನಿಜವಾದ 62 ಮಾಸಗಳಿಗೆ ಸುಮಾರು 1830.9 ದಿನಗಳು ಬೇಕಾದುದರಿಂದ, ಐದು ವರ್ಷಗಳಲ್ಲಿಯೇ ಒಂಬತ್ತು ದಶಾಂಶ ದಿನದಷ್ಟು ತಪ್ಪು ಕೂಡಿಕೊಳ್ಳುತ್ತದೆ. ಆಗಾಗ ಆಕಾಶವನ್ನು ನೋಡಿ ತಿದ್ದಿಕೊಳ್ಳದೆ ಈ ಮಾನವನ್ನು ಬಹುಕಾಲ ಬಳಸುವುದು ಸಾಧ್ಯವಿರಲಿಲ್ಲ.

ಸಿದ್ಧಾಂತಗ್ರಂಥಗಳ ಕಾಲಕ್ಕೆ ಪರಿಸ್ಥಿತಿ ಸಂಪೂರ್ಣವಾಗಿ ಬದಲಾಗಿತ್ತು. ಆರ್ಯಭಟನ ಮತದಲ್ಲಿ 43,20,000 ಸೌರವರ್ಷಗಳ ಮಹಾಯುಗದೊಳಗೆ ಚಂದ್ರನ ಭಗಣಗಳು 5,77,53,336. ಇದರಿಂದ ಸೂರ್ಯನ ಭಗಣಗಳನ್ನು ಕಳೆದರೆ ಚಾಂದ್ರಮಾಸಗಳ ಸಂಖ್ಯೆ 5,34,33,336 ಬರುತ್ತದೆ. ಯುಗದ ಸಾವನ ದಿನಗಳು 1,57,79,17,500. ಭಾಗಿಸಿದರೆ ಮಾಸಮಾನವು 29.530582 ದಿನ. ಈಗ ಪ್ರಚಾರದಲ್ಲಿರುವ ಸೂರ್ಯಸಿದ್ಧಾಂತದಲ್ಲಿ ಮಾಸಗಳ ಸಂಖ್ಯೆ ಅದೇ. ದಿನಗಳು ಮಾತ್ರ 1,57,79,17,828. ಆದುದರಿಂದ ಅದರ ಮಾಸಮಾನ 29.530588 ದಿನ. ಆಧುನಿಕ ಖಗೋಳಶಾಸ್ತ್ರವು ಅಂಗೀಕರಿಸಿರುವ ಮಾನ 29.530589 ದಿನ. ಆರ್ಯಭಟನ ಮಾಸದಲ್ಲಿ ಸುಮಾರು 0.6 ಸೆಕೆಂಡಿನ ಅಂತರವಿದೆ. ಸೂರ್ಯಸಿದ್ಧಾಂತದ ಮಾಸದಲ್ಲಿ ಅಂತರವು ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಸಾವಿರ ವರ್ಷಗಳಲ್ಲಿ ಮೊದಲನೆಯದು ಎರಡು ಗಂಟೆಗಳಷ್ಟು, ಎರಡನೆಯದು ಕಾಲು ಗಂಟೆಯಷ್ಟು ಮಾತ್ರ ವ್ಯತ್ಯಾಸವಾಗುತ್ತದೆ. ಆದುದರಿಂದ ಶಾಸನಗಳ ಕಾಲದ ಗಣಕರು ಮಧ್ಯಮ ಅಮಾವಾಸ್ಯೆಯ ವಿಷಯದಲ್ಲಿ ಒಂದು ದಿನದಷ್ಟು ತಪ್ಪಿರಬಹುದೆಂದು ಹೇಳುವುದು ಸರಿಯಲ್ಲ.

2. ಸ್ಫುಟ ಅಮಾವಾಸ್ಯೆ

ಆದರೆ ಸೂರ್ಯಚಂದ್ರರು ಸಮವೇಗದಿಂದ ಚಲಿಸುವುದಿಲ್ಲ. ಮಧ್ಯಮ ಸ್ಥಾನಕ್ಕೆ ಮಂದಫಲವನ್ನು ಸಂಸ್ಕಾರ ಮಾಡಿದಲ್ಲದೆ ಸ್ಫುಟ ಸ್ಥಾನವು ದೊರೆಯುವುದಿಲ್ಲ. ನಮ್ಮ ಸಿದ್ಧಾಂತಗಳಲ್ಲಿ ಚಂದ್ರನ ಪರಮ ಮಂದಫಲವು ಸುಮಾರು 5 ಅಂಶ. ಸೂರ್ಯನದು 2 ಅಂಶಗಳಿಗೆ ಸ್ವಲ್ಪ ಹೆಚ್ಚು. ಚಂದ್ರನು ಸೂರ್ಯನಿಂದ ದಿನಕ್ಕೆ ಸರಾಸರಿ 12 ಅಂಶ 11 ಕಲೆಗಳಷ್ಟು ಮುಂದೆ ಸರಿಯುವುದರಿಂದ, ಎರಡೂ ಫಲಗಳು ಒಂದೇ ದಿಕ್ಕಿನಲ್ಲಿ ಕೂಡಿಕೊಂಡಾಗ ಸ್ಫುಟ ಅಮಾವಾಸ್ಯೆಯು ಮಧ್ಯಮ ಅಮಾವಾಸ್ಯೆಗಿಂತ ಸುಮಾರು 14 ಗಂಟೆಗಳಷ್ಟು ಹಿಂದೆ ಅಥವಾ ಮುಂದೆ ಬೀಳಬಹುದು. ಹಗಲಿನ ಅಮಾವಾಸ್ಯೆ ರಾತ್ರಿಗೂ, ರಾತ್ರಿಯದು ಹಗಲಿಗೂ ಹೋಗಲು ಇಷ್ಟು ಸಾಕು.

ಇಲ್ಲಿ ಒಂದು ಗಮನಾರ್ಹ ಸಂಗತಿಯುಂಟು. ಆಧುನಿಕ ಗಣಿತದಂತೆ ಚಂದ್ರನ ಪ್ರಧಾನ ಮಂದಫಲವು 5 ಅಂಶವಲ್ಲ, 6 ಅಂಶ 17 ಕಲೆ. ಅದರ ಜೊತೆಗೆ ಸೂರ್ಯನ ಆಕರ್ಷಣೆಯಿಂದ ಉಂಟಾಗುವ ಇನ್ನೊಂದು ಸಂಸ್ಕಾರವಿದೆ. ಅದರ ಪರಮ ಮಾನ 1 ಅಂಶ 16 ಕಲೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಲ್ಲಿ ಈ ಎರಡನೆಯದು ಮೊದಲನೆಯದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ; ಕಳೆದರೆ ಉಳಿಯುವುದು 5 ಅಂಶ 1 ಕಲೆ. ಪ್ರಾಚೀನರ 5 ಅಂಶ ಎಲ್ಲಿಂದ ಬಂದಿತೆಂಬುದು ಇದರಿಂದ ತಿಳಿಯುತ್ತದೆ. ಅವರು ಚಂದ್ರನ ಗತಿಯನ್ನು ಮುಖ್ಯವಾಗಿ ಗ್ರಹಣಗಳಿಂದ ನಿರ್ಣಯಿಸಿದರು. ಗ್ರಹಣಗಳು ಪರ್ವಕಾಲಗಳಲ್ಲಿ ಮಾತ್ರ ಸಂಭವಿಸುತ್ತವೆ. ಆದುದರಿಂದ ಅಷ್ಟಮಿಯ ಚಂದ್ರನ ವಿಷಯದಲ್ಲಿ ತಪ್ಪುವ ಅವರ ಗಣಿತವು ಅಮಾವಾಸ್ಯೆಯ ವಿಷಯದಲ್ಲಿ ಬಹುಮಟ್ಟಿಗೆ ಸರಿಯಾಗಿರುತ್ತದೆ. ಎರಡನೆಯ ಸಂಸ್ಕಾರವನ್ನು ಮಂಜುಲನು ಶಕ 854ರ (ಕ್ರಿ. ಶ. 932) ಲಘುಮಾನಸದಲ್ಲಿ ಹೇಳಿದ್ದಾನೆ, ಆದರೂ ಅಮಾವಾಸ್ಯೆಯ ಮಟ್ಟಿಗೆ ಹಳೆಯ ಕ್ರಮವೇ ಸಾಕಾಗುತ್ತಿತ್ತು.

3. ಗಣನೆಯ ಸಾಧನಗಳು

ಶಾಸನಗಳ ತಿಥಿಗಳನ್ನು ಪರೀಕ್ಷಿಸುವ ಕೆಲಸವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಶಾಸ್ತ್ರೀಯ ರೂಪವನ್ನು ತಳೆಯಿತು. 1887ರಲ್ಲಿ ಓಪೋಲ್ಟ್ಸರರ ಗ್ರಹಣಕೋಶವು ಪ್ರಕಟವಾಯಿತು. ಯಾಕೋಬಿಯವರ ಕೋಷ್ಟಕಗಳು ಎಪಿಗ್ರಾಫಿಯ ಇಂಡಿಕದ ಮೊದಲನೆಯ ಸಂಪುಟದಲ್ಲಿ ಬಂದವು. 1896ರಲ್ಲಿ ರಾಬರ್ಟ್ ಸ್ಯೂಯೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಸೇರಿ ಭಾರತೀಯ ಪಂಚಾಂಗವನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದರು. 1922ರಲ್ಲಿ ಸ್ವಾಮಿಕಣ್ಣು ಪಿಳ್ಳೆಯವರ ಬೃಹತ್ಕೋಷ್ಟಕಗಳು ಅಚ್ಚಾದವು. ಇದೇ ಕಾಲದಲ್ಲಿ ಬಾಗಲಕೋಟೆಯಲ್ಲಿ ಅಧ್ಯಾಪಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು ಪಾಶ್ಚಾತ್ಯ ಕೋಷ್ಟಕಗಳ ಸೂಕ್ಷ್ಮತೆಯನ್ನು ಭಾರತೀಯ ಕ್ರಮಕ್ಕೆ ಅಳವಡಿಸಿ ಗ್ರಂಥಗಳನ್ನು ರಚಿಸಿದುದನ್ನು ಕನ್ನಡ ನಾಡಿನವರು ಕೃತಜ್ಞತೆಯಿಂದ ನೆನೆಯಬೇಕು.

ಈಗ ಗಣನೆ ಇನ್ನೂ ಸುಲಭವಾಗಿದೆ. 2000ದ ಜನವರಿ 6ರಂದು ಸಂಭವಿಸಿದ ಮಧ್ಯಮ ಅಮಾವಾಸ್ಯೆಯನ್ನು ಮೂಲವಾಗಿಟ್ಟುಕೊಂಡು, ಬೇಕಾದಷ್ಟು ಮಾಸಗಳನ್ನು ಹಿಂದಕ್ಕೆ ಎಣಿಸಿ, ಚಂದ್ರ, ಸೂರ್ಯ ಮತ್ತು ಪಾತಗಳ ಸ್ಥಿತಿಗೆ ತಕ್ಕ ಸಂಸ್ಕಾರಗಳನ್ನು ಸೇರಿಸಿದರೆ ಸ್ಫುಟ ಅಮಾವಾಸ್ಯೆಯು ದೊರೆಯುತ್ತದೆ. ಒಂದು ವಿಷಯವನ್ನು ಮಾತ್ರ ಮರೆಯಬಾರದು. ಭೂಮಿಯ ದೈನಂದಿನ ಭ್ರಮಣವು ಕಾಲಕ್ರಮದಲ್ಲಿ ಮಂದವಾಗುತ್ತ ಬಂದಿದೆ. ಗಣಿತದ ಏಕರೂಪ ಕಾಲಕ್ಕೂ ಭೂಮಿಯ ಭ್ರಮಣವು ತೋರಿಸುವ ಕಾಲಕ್ಕೂ ಏಳನೆಯ ಶತಮಾನದ ಆರಂಭದಲ್ಲಿ ಸುಮಾರು 1 ಗಂಟೆ 17 ನಿಮಿಷ, ಎಂಟನೆಯ ಶತಮಾನದ ಮಧ್ಯದಲ್ಲಿ ಸುಮಾರು 56 ನಿಮಿಷ ಅಂತರವಿತ್ತು. ಇದರಲ್ಲಿ ಕೆಲವು ನಿಮಿಷಗಳ ಸಂದೇಹವು ಉಳಿಯುತ್ತದೆ. ಆದರೆ ಮುಂದೆ ನಾವು ಹೇಳುವ ನಿರ್ಣಯಗಳಿಗೆ ಅದರಿಂದ ಬಾಧೆಯಿಲ್ಲ.

4. ಪಟ್ಟದಕಲ್ಲಿನ ಸ್ತಂಭಶಾಸನ

ಬಾದಾಮಿ ಚಾಲುಕ್ಯರ ಕೊನೆಯ ಅರಸನಾದ ಇಮ್ಮಡಿ ಕೀರ್ತಿವರ್ಮನ ಆಳ್ವಿಕೆಯಲ್ಲಿ ಜ್ಞಾನಶಿವಾಚಾರ್ಯನು ಪಟ್ಟದಕಲ್ಲಿನಲ್ಲಿ ನಿಲ್ಲಿಸಿದ ಕಂಬದ ಮೇಲೆ ಒಂದೇ ಪಾಠವು ದಕ್ಷಿಣದ ಲಿಪಿಯಲ್ಲೂ ಉತ್ತರದ ಲಿಪಿಯಲ್ಲೂ ಇದೆ. ಅದರಲ್ಲಿ ಶ್ರಾವಣದ ಅಮಾವಾಸ್ಯೆಯ ಸೂರ್ಯಗ್ರಹಣದ ಉಲ್ಲೇಖವಿದೆ. ಫ್ಲೀಟರು ಈ ಗ್ರಹಣವನ್ನು ಕ್ರಿ. ಶ. 754ರ ಜೂನ್ 25ರದೆಂದು ಗುರುತಿಸಿದರು. ಈ ನಿರ್ಣಯವನ್ನು ನಾವು ಹೊಸದಾಗಿ ಗಣಿಸಿ ನೋಡೋಣ.

ಮೂಲ ಅಮಾವಾಸ್ಯೆಯಿಂದ ಹಿಂದಕ್ಕೆ 15,405 ಮಾಸಗಳನ್ನು ಎಣಿಸಬೇಕು. ಅವುಗಳ ದಿನಸಂಖ್ಯೆ 4,54,918.72. ಇದು ನಮ್ಮನ್ನು 754ರ ಜೂನ್ 24ರ ರಾತ್ರಿ 9 ಗಂಟೆಗೆ ಒಯ್ಯುತ್ತದೆ. ಮಾಸಮಾನವು ಕಾಲಕ್ರಮದಲ್ಲಿ ಅತ್ಯಲ್ಪವಾಗಿ ಬದಲಾಗಿರುವುದರಿಂದ ಇನ್ನು 35 ನಿಮಿಷಗಳನ್ನು ಕೂಡಿಸಬೇಕು. ಭೂಭ್ರಮಣದ ಅಂತರವಾದ 56 ನಿಮಿಷಗಳನ್ನು ಕಳೆದು, ಗ್ರೀನ್‌ವಿಚ್ಚಿನಿಂದ ಪಟ್ಟದಕಲ್ಲಿಗೆ ಇರುವ ರೇಖಾಂಶದ 5 ಗಂಟೆ 3 ನಿಮಿಷಗಳನ್ನು ಕೂಡಿಸಿದರೆ, ಮಧ್ಯಮ ಅಮಾವಾಸ್ಯೆಯು ಸ್ಥಳೀಯ ಕಾಲದಂತೆ ಜೂನ್ 25ರಂದು ರಾತ್ರಿ ಸುಮಾರು 1-45ಕ್ಕೆ ಆಯಿತೆಂದು ತಿಳಿಯುತ್ತದೆ. ಆ ಹೊತ್ತಿನಲ್ಲಿ ಸೂರ್ಯಗ್ರಹಣವು ಕಾಣುವ ಪ್ರಶ್ನೆಯೇ ಇಲ್ಲ.

ಈಗ ಸಂಸ್ಕಾರಗಳನ್ನು ಮಾಡೋಣ. ಆಗ ಚಂದ್ರನು ತನ್ನ ನೀಚಬಿಂದುವನ್ನು ಸೇರಲು ಇನ್ನೂ 67 ಅಂಶಗಳಿದ್ದವು. ಮಧ್ಯಮ ಸ್ಥಾನಕ್ಕಿಂತ ನಾಲ್ಕೂವರೆ ಅಂಶಗಳಿಗೂ ಸ್ವಲ್ಪ ಹೆಚ್ಚಾಗಿ ಹಿಂದೆ ಬಿದ್ದಿದ್ದನು. ಅವನು ಸೂರ್ಯನನ್ನು ಮುಟ್ಟಲು ಇನ್ನೂ ಸುಮಾರು 9 ಗಂಟೆಗಳು ಬೇಕು. ಸೂರ್ಯನೂ ತನ್ನ ಮಧ್ಯಮ ಸ್ಥಾನಕ್ಕಿಂತ ಸ್ವಲ್ಪ ಹಿಂದೆಯೇ ಇದ್ದುದರಿಂದ ಸುಮಾರು 1 ಗಂಟೆಯನ್ನು ಕಳೆಯಬೇಕು. ಉಳಿದ ಸಣ್ಣ ಸಂಸ್ಕಾರಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸ್ಫುಟ ಅಮಾವಾಸ್ಯೆಯು ಬೆಳಿಗ್ಗೆ ಸುಮಾರು 9-30ಕ್ಕೆ ಬರುತ್ತದೆ. ಪೂರ್ವಾಹ್ಣದಲ್ಲಿ ಲಂಬನವು ಗ್ರಹಣವನ್ನು ಇನ್ನೂ ಸ್ವಲ್ಪ ಮುಂಚೆಯೇ ಕಾಣಿಸುವಂತೆ ಮಾಡುತ್ತದೆ. ಸೂರ್ಯನು ಪಾತದಿಂದ 1 ಅಂಶಕ್ಕಿಂತ ಸ್ವಲ್ಪವೇ ಹೆಚ್ಚು ದೂರದಲ್ಲಿದ್ದನು. ಆದುದರಿಂದ ಗ್ರಹಣವು ಅಲ್ಪವಾದುದಲ್ಲ. ಫ್ಲೀಟರ ನಿರ್ಣಯವು ಸ್ಥಿರವಾಗಿ ನಿಲ್ಲುತ್ತದೆ.

ರಾಜಕೀಯ ಇತಿಹಾಸದ ದೃಷ್ಟಿಯಿಂದ ಈ ತಾರೀಖು ಅಮೂಲ್ಯವಾದುದು. ರಾಷ್ಟ್ರಕೂಟ ದಂತಿದುರ್ಗನ ಸಮಂಗಡದ ತಾಮ್ರಶಾಸನವು ಶಕ 675ರ (ಕ್ರಿ. ಶ. 753–54) ಹೊತ್ತಿಗೆ ಅವನು ಚಾಲುಕ್ಯರನ್ನು ಗೆದ್ದಿದ್ದನೆಂದು ಹೇಳುತ್ತದೆ, ಆ ಶಾಸನದ ಪ್ರಾಮಾಣ್ಯವನ್ನು ಸಂದೇಹಿಸಿದವರೂ ಉಂಟು. ಕೀರ್ತಿವರ್ಮನದೇ ಆದ ವಕ್ಕಲೇರಿಯ ಶಾಸನದ ಕಾಲವು ಶಕ 679 (ಕ್ರಿ. ಶ. 757). ಇವೆರಡರ ನಡುವೆ, 754ರ ಜೂನ್ ತಿಂಗಳಿನಲ್ಲಿ, ಚಾಲುಕ್ಯರ ಪಟ್ಟಾಭಿಷೇಕದ ಕ್ಷೇತ್ರದಲ್ಲಿಯೇ ಕೀರ್ತಿವರ್ಮನನ್ನು ಅರಸನೆಂದು ಹೆಸರಿಸಿರುವುದು, ಚಾಲುಕ್ಯ ರಾಜ್ಯವು ಒಂದೇ ಏಟಿಗೆ ಕುಸಿಯಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ಇನ್ನು ಮಾಸದ ಹೆಸರನ್ನು ವಿಚಾರಿಸೋಣ. ಆರ್ಯಭಟನ ಮಾನದಂತೆ ಆ ವರ್ಷ ಕರ್ಕಾಟಕ ಸಂಕ್ರಾಂತಿಯು ಜೂನ್ 23ರಂದು, ಎಂದರೆ ಈ ಅಮಾವಾಸ್ಯೆಗೆ ಎರಡು ದಿನ ಮುಂಚೆ ಆಯಿತು. ಕರ್ಕಾಟಕ ಸಂಕ್ರಾಂತಿಯನ್ನು ಒಳಗೊಂಡ ಚಾಂದ್ರಮಾಸವು ಆಷಾಢ. ಈಗ ಕರ್ನಾಟಕದಲ್ಲಿ ರೂಢಿಯಲ್ಲಿರುವ ಅಮಾಂತ ಪದ್ಧತಿಯಂತೆ ಇದು ಆಷಾಢದ ಅಮಾವಾಸ್ಯೆಯಾಗಬೇಕು. ಶಾಸನವು ಇದನ್ನು ಶ್ರಾವಣವೆನ್ನುತ್ತದೆ. ಉತ್ತರದೇಶದಲ್ಲಿ ಇಂದಿಗೂ ನಡೆಯುತ್ತಿರುವ ಪೂರ್ಣಿಮಾಂತ ಪದ್ಧತಿಯಲ್ಲಿ ಮಾಸವು ಕೃಷ್ಣಪಕ್ಷದಿಂದ ಮೊದಲಾಗುವುದರಿಂದ, ನಮ್ಮ ಆಷಾಢ ಬಹುಳವು ಅವರ ಶ್ರಾವಣ ಬಹುಳವಾಗುತ್ತದೆ. ಶಾಸನದ ಹೇಳಿಕೆಯು ಈ ಪದ್ಧತಿಗೆ ಸರಿಹೊಂದುತ್ತದೆ. ಅಮಾಂತ ಶ್ರಾವಣದ ಅಮಾವಾಸ್ಯೆಯು ಮುಂದಿನ ಜುಲೈ ತಿಂಗಳಿನಲ್ಲಿ ಬಂದಿತು. ಆಗ ಸೂರ್ಯನು ಪಾತದಿಂದ 30 ಅಂಶಗಳಷ್ಟು ದೂರ ಸರಿದಿದ್ದನು. ಸೂರ್ಯಗ್ರಹಣದ ಪರಮ ಮಿತಿ ಸುಮಾರು 18 ಅಂಶಗಳಾದುದರಿಂದ ಆ ದಿನ ಗ್ರಹಣವು ಅಸಂಭವ.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವಿದೆ. ಜ್ಞಾನಶಿವಾಚಾರ್ಯನು ಗಂಗೆಯ ಉತ್ತರತೀರದ ಪ್ರಾಂತದಿಂದ ಬಂದವನು. ಶಾಸನದ ಒಂದು ಪಾಠವೂ ಉತ್ತರದ ಲಿಪಿಯಲ್ಲಿದೆ. ಅವನು ತನ್ನ ನಾಡಿನ ಮಾಸಪದ್ಧತಿಯನ್ನೇ ಬಳಸಿರಬಾರದೇಕೆ? ಈ ಒಂದು ಶಾಸನವನ್ನು ಮಾತ್ರ ನೋಡಿದರೆ ಆಕ್ಷೇಪಣೆಗೆ ಉತ್ತರವಿಲ್ಲ. ಆದುದರಿಂದ ಅರಸನೇ ಹೊರಡಿಸಿದ ಇನ್ನೊಂದು ಶಾಸನವನ್ನು ಪರೀಕ್ಷಿಸುವುದು ಅವಶ್ಯಕ.

5. ಪುಲಿಕೇಶಿಯ ಹೈದರಾಬಾದು ತಾಮ್ರಶಾಸನ

ಇಮ್ಮಡಿ ಪುಲಿಕೇಶಿಯ ಹೈದರಾಬಾದು ತಾಮ್ರಶಾಸನದಲ್ಲಿ ಶಕವರ್ಷ 534 ಕಳೆದಿದ್ದಾಗ, ಆಳ್ವಿಕೆಯ ಮೂರನೆಯ ವರ್ಷದಲ್ಲಿ, ಭಾದ್ರಪದದ ಅಮಾವಾಸ್ಯೆಯಂದು, ಸೂರ್ಯಗ್ರಹಣದ ನಿಮಿತ್ತ ದಾನಮಾಡಿದಂತೆ ಹೇಳಿದೆ. ಐಹೊಳೆಯ ಪ್ರಸಿದ್ಧ ಶಾಸನದಲ್ಲಿ ಶಕ 556 ಎಂಬ ಕಾಲವಿದ್ದರೂ ಆಳ್ವಿಕೆಯ ವರ್ಷವಿಲ್ಲದುದರಿಂದ, ಪಟ್ಟಾಭಿಷೇಕದ ಕಾಲವನ್ನು ನಿರ್ಣಯಿಸಲು ಈ ತಾಮ್ರಶಾಸನವೇ ಹೆಚ್ಚು ನೆರವಾಗುತ್ತದೆ.

ಶಕ 534 ಗತವೆಂದರೆ ಕ್ರಿ. ಶ. 612–13. ಪೂರ್ಣಿಮಾಂತ ಭಾದ್ರಪದದ ಅಮಾವಾಸ್ಯೆಯು 612ರ ಆಗಸ್ಟ್ 2ರಂದು ಬಂದಿತು. ಆಗ ಸೂರ್ಯನು ಪಾತದಿಂದ ಸುಮಾರು 7 ಅಂಶಗಳ ದೂರದಲ್ಲಿದ್ದುದರಿಂದ ಗ್ರಹಣವು ಭೂಮಿಯ ಮೇಲೆ ಎಲ್ಲಿಯೋ ನಿಶ್ಚಯವಾಗಿ ಸಂಭವಿಸಿತು. ಆದರೆ ನಮ್ಮ ಗಣನೆಯಂತೆ ಬಾದಾಮಿಯ ಸ್ಥಳೀಯ ಕಾಲದಲ್ಲಿ ಮಧ್ಯಮ ಅಮಾವಾಸ್ಯೆಯು ರಾತ್ರಿ ಸುಮಾರು 9 ಗಂಟೆಗೂ, ಸ್ಫುಟ ಅಮಾವಾಸ್ಯೆಯು ರಾತ್ರಿ 8 ಗಂಟೆ ದಾಟಿದ ಮೇಲೆಯೂ ಆದುವು. ಸೂರ್ಯನು ಅಸ್ತಮಿಸಿ ಒಂದೂವರೆ ಗಂಟೆ ಕಳೆದಿತ್ತು. ಅಪರಾಹ್ಣದಲ್ಲಿ ಲಂಬನವು ಗ್ರಹಣವನ್ನು ತಡಮಾಡುವುದೇ ಹೊರತು ಮುಂಚಿತವಾಗಿಸುವುದಿಲ್ಲ. ಆದುದರಿಂದ ಈ ಗ್ರಹಣವನ್ನು ಬಾದಾಮಿಯಲ್ಲಿ ಯಾರೂ ನೋಡಿರಲಾರರು. ಆರ್ಯಭಟನ ಮಾನಗಳಿಂದ ಗಣಿಸಿದರೂ ಫಲಿತಾಂಶವು ಬದಲಾಗುವುದಿಲ್ಲ. ಅವನ ಕಾಲದಿಂದ ಆಗ ಇನ್ನೂ ನೂರಿಪ್ಪತ್ತು ವರ್ಷಗಳೂ ಕಳೆದಿರಲಿಲ್ಲವಾಗಿ ಅವನ ಮಧ್ಯಮಮಾನದಲ್ಲಿ ಹೇಳಿಕೊಳ್ಳುವಷ್ಟು ದೋಷವು ಸೇರಿರಲಿಲ್ಲ.

ಮರುವರ್ಷದ ಪೂರ್ಣಿಮಾಂತ ಭಾದ್ರಪದದ ಅಮಾವಾಸ್ಯೆಯು 613ರ ಜುಲೈ 23ರಂದು ಬಂದಿತು. ಆ ದಿನ ಸ್ಫುಟ ಅಮಾವಾಸ್ಯೆಯು ಬಾದಾಮಿಯಲ್ಲಿ ಸುಮಾರು 11-45ಕ್ಕೆ, ಮಧ್ಯಾಹ್ನಕ್ಕೆ ತೀರ ಸಮೀಪವಾಗಿ ಆಯಿತು. ಸೂರ್ಯನು ಪಾತದಿಂದ ಎರಡು ಅಂಶಗಳೊಳಗೆ ಇದ್ದನು. ರಾಜಧಾನಿಯ ಜನರೆಲ್ಲರೂ ಕಂಡ ಗ್ರಹಣವಿದು. ಆರ್ಯಭಟನ ಮಾನದಂತೆ ಸಿಂಹ ಸಂಕ್ರಾಂತಿಯು ಅದೇ ದಿನ ಬೆಳಗಿನ ಜಾವಕ್ಕೆ, ಅಮಾಂತಕ್ಕೆ ಸುಮಾರು ಆರು ಗಂಟೆ ಮುಂಚೆ ಆದುದರಿಂದ ಮಾಸದ ಹೆಸರಿಗೂ ಬಾಧೆಯಿಲ್ಲ. ಆದರೆ ಇದು ಶಕ 535 ಗತವಾದ ವರ್ಷ. ಶಾಸನದ ಸಂಖ್ಯೆಗೆ ಒಂದನ್ನು ಕೂಡಿಸಬೇಕಾಗುತ್ತದೆ.

ಹೀಗೆ ಸಂಖ್ಯೆಯನ್ನು ನಂಬಿದರೆ 612. ಕಣ್ಣನ್ನು ನಂಬಿದರೆ 613. ಗತವರ್ಷ ಮತ್ತು ವರ್ತಮಾನವರ್ಷಗಳ ಗೊಂದಲದಿಂದ ಈ ಅಂತರವು ಹುಟ್ಟಿತೆಂದು ಹೇಳುವುದು ಸುಲಭ; ಆದರೆ ಆ ಸಮಾಧಾನವು ಇಲ್ಲಿ ನಡೆಯದು. ಬರೆದವನು ವರ್ತಮಾನವಾದ 534ನ್ನು ಗತವೆಂದು ತಪ್ಪಾಗಿ ಬರೆದಿದ್ದರೆ ಕಾಲವು 611–12ಕ್ಕೆ ಹಿಂದೆ ಸರಿಯುತ್ತದೆಯೇ ವಿನಾ 613ಕ್ಕೆ ಮುಂದೆ ಹೋಗುವುದಿಲ್ಲ. ಆದುದರಿಂದ 613ನ್ನು ಒಪ್ಪುವವರು ವರ್ಷಸಂಖ್ಯೆಯಲ್ಲಿಯೇ ತಪ್ಪಾಗಿದೆಯೆಂದು ಒಪ್ಪಬೇಕು. 612ನ್ನು ಒಪ್ಪುವವರು, ರಾತ್ರಿಯಲ್ಲಿ ಆದ ಗ್ರಹಣವನ್ನು ದಾನಕ್ಕೆ ನಿಮಿತ್ತವಾಗಿ ಗಣಕನೊಬ್ಬನು ಸೂಚಿಸಿದನೆಂದೂ ಅರಸನು ಅದನ್ನು ಅಂಗೀಕರಿಸಿದನೆಂದೂ ಒಪ್ಪಬೇಕು. ಎರಡು ಪಕ್ಷಗಳಲ್ಲಿಯೂ ಭಾರವಿದೆ. ಮೂರನೆಯ ಆಳ್ವಿಕೆಯ ವರ್ಷವು 612ರ ಆಗಸ್ಟನ್ನು ಒಳಗೊಂಡಿದ್ದರೆ ಪಟ್ಟಾಭಿಷೇಕವು 609ರ ಆಗಸ್ಟಿಗೂ 610ರ ಆಗಸ್ಟಿಗೂ ನಡುವೆ. 613ರ ಜುಲೈಯನ್ನು ಒಳಗೊಂಡಿದ್ದರೆ 610ರ ಜುಲೈಗೂ 611ರ ಜುಲೈಗೂ ನಡುವೆ. ಗ್ರಂಥಗಳಲ್ಲಿ ಕಾಣುವ ಎರಡು ವರ್ಷಗಳ ಭೇದದ ಮೂಲ ಇದೇ. ಶಾಸನದ ಸ್ಪಷ್ಟವಾದ ಸಂಖ್ಯೆಯನ್ನು ತಿದ್ದಲು ಬಲವಾದ ಕಾರಣವು ಬೇಕೆಂಬ ನಿಯಮವನ್ನು ಅನುಸರಿಸಿ ನಾವು 612ರ ಕಡೆಗೆ ಸ್ವಲ್ಪ ಒಲಿಯುತ್ತೇವೆ; ಆದರೂ ತರಗತಿಯಲ್ಲಿ ಹೇಳುವಾಗ 609–11 ಎಂಬ ಆವರಣವನ್ನೇ ಹೇಳುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

6. ಉಪಸಂಹಾರ

ವರ್ಷದ ವಿಷಯದಲ್ಲಿ ಸಂದೇಹವು ಉಳಿದರೂ ಮಾಸಪದ್ಧತಿಯ ವಿಷಯದಲ್ಲಿ ಉಳಿಯುವುದಿಲ್ಲ. ಅಮಾಂತ ಭಾದ್ರಪದದ ಅಮಾವಾಸ್ಯೆಯನ್ನು ಹಿಡಿದರೆ 612ರಲ್ಲಿ ಸೂರ್ಯನು ಪಾತದಿಂದ 20 ಅಂಶಗಳಿಗೂ ಹೆಚ್ಚು ದೂರದಲ್ಲಿದ್ದನು. 613ರಲ್ಲಿ 30 ಅಂಶಗಳಷ್ಟು ದೂರದಲ್ಲಿದ್ದನು. ಎರಡು ವರ್ಷಗಳಲ್ಲಿಯೂ ಆ ದಿನ ಲೋಕದಲ್ಲಿ ಎಲ್ಲಿಯೂ ಗ್ರಹಣವು ಆಗಲಾರದು. ಆದುದರಿಂದ ಯಾವ ವರ್ಷವನ್ನು ಒಪ್ಪಿದರೂ ಪುಲಿಕೇಶಿಯ ಗಣಕರು ಪೂರ್ಣಿಮಾಂತ ಮಾಸವನ್ನು ಬಳಸಿದರೆಂದು ಹೇಳಲೇಬೇಕು. ಇದು ಉತ್ತರದಿಂದ ಬಂದ ಆಚಾರ್ಯನೊಬ್ಬನ ಬರವಣಿಗೆಯಲ್ಲ, ಅರಸನ ದಾನಪತ್ರ. ಪಟ್ಟದಕಲ್ಲಿನ ಶಾಸನದ ಮೇಲಿನ ಆಕ್ಷೇಪಣೆಯು ಹೀಗೆ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಸುಮಾರು ನೂರ ನಾಲ್ವತ್ತು ವರ್ಷಗಳ ಅಂತರದಲ್ಲಿರುವ ಎರಡು ಶಾಸನಗಳು ಒಂದೇ ಪದ್ಧತಿಗೆ ಸಾಕ್ಷಿ ನುಡಿಯುತ್ತವೆ.

ಇದರಿಂದ ಒಂದು ಪ್ರಾಯೋಗಿಕ ಪಾಠವೂ ದೊರೆಯುತ್ತದೆ. ಶುಕ್ಲಪಕ್ಷದ ತಿಥಿಗಳಿಗೆ ಎರಡು ಪದ್ಧತಿಗಳಲ್ಲಿಯೂ ಮಾಸನಾಮವು ಒಂದೇ. ಕೃಷ್ಣಪಕ್ಷದ ತಿಥಿಗಳಿಗೆ ಮಾತ್ರ ಭೇದವುಂಟು. ಬಾದಾಮಿ ಚಾಲುಕ್ಯರ ಕಾಲದ ಕೃಷ್ಣಪಕ್ಷದ ತಿಥಿಯೊಂದನ್ನು ಇಂದಿನ ರೂಢಿಯಂತೆ ಅಮಾಂತವೆಂದೇ ಹಿಡಿದು ಕೋಷ್ಟಕದಿಂದ ತಾರೀಖನ್ನು ತೆಗೆದರೆ ಪೂರ್ತಿ ಒಂದು ತಿಂಗಳಿನ ತಪ್ಪಾಗಬಹುದು. ಅನಂತರ ವಾರವು ಹೊಂದದಿದ್ದರೆ ಶಾಸನವನ್ನೇ ಕೃತಕವೆಂದು ತಳ್ಳಿಹಾಕುವ ಅಪಾಯವೂ ಇದೆ. ಕೃಷ್ಣಪಕ್ಷದ ತಿಥಿಯನ್ನು ಎರಡು ಪದ್ಧತಿಗಳಿಂದಲೂ ಗಣಿಸಿ ನೋಡಿದ ಹೊರತು ಯಾವ ನಿರ್ಣಯಕ್ಕೂ ಬರಬಾರದು.

ಇಂಥ ಪರೀಕ್ಷೆಗೆ ಉನ್ನತ ಗಣಿತವು ಬೇಕಿಲ್ಲ. ಕೂಡುವುದು, ಕಳೆಯುವುದು, ಜ್ಯಾಕೋಷ್ಟಕವನ್ನು ನೋಡುವುದು ಇಷ್ಟನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಯು ಒಂದು ಸಂಜೆಯಲ್ಲಿ ಒಂದು ಅಮಾವಾಸ್ಯೆಯನ್ನು ಗಣಿಸಬಲ್ಲನು. ಗಣಿತ ವಿಭಾಗದ ಅಧ್ಯಾಪಕರೂ ಇತಿಹಾಸ ವಿಭಾಗದ ಅಧ್ಯಾಪಕರೂ ಒಟ್ಟಿಗೆ ಕುಳಿತು, ಕನ್ನಡ ನಾಡಿನ ಗ್ರಹಣಶಾಸನಗಳನ್ನು ಶತಮಾನಕ್ರಮದಲ್ಲಿ ಹೀಗೆ ಪರಿಶೀಲಿಸುವುದಾದರೆ, ಪೂರ್ಣಿಮಾಂತ ಪದ್ಧತಿಯು ಇಲ್ಲಿ ಎಂದು ಹಿಂದೆ ಸರಿಯಿತು, ಅಮಾಂತವು ಎಂದು ನೆಲೆಗೊಂಡಿತು ಎಂಬುದನ್ನು ಶಾಸನಗಳ ಬಾಯಿಂದಲೇ ಕೇಳಬಹುದು. ಆ ಕಾರ್ಯಕ್ಕೆ ಈ ಎರಡು ಉದಾಹರಣೆಗಳು ಪ್ರವೇಶಿಕೆಯಾದರೆ ನಮ್ಮ ಶ್ರಮವು ಸಾರ್ಥಕ.